ಮೂರು ಊರು, ಮೂರು ಗೂಡು: ಹಿತ್ತಲಲ್ಲಿ ಅಪ್ಪಟ ತಳಿಯ ಕೋಳಿ

ತಳಿ ಕಾಪಾಡುವುದು ಅಂದರೇನು ಎಂದು ಅಜ್ಜಂಪುರದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಬೆಳೆದುಬಂದ ಅಮೃತ ಮಹಲ್ ದನಗಳ ತಳಿ ಸಂವರ್ಧನಾ ಕೇಂದ್ರ ಅವರ ಊರಲ್ಲೇ ಇದೆ. ಕೊಂಬು ನೋಡಿ, ಮೈಬಣ್ಣ ನೋಡಿ ಇದು ಅಪ್ಪಟ, ಇದು ಬೆರಕೆ ಎಂದು ಹೇಳಿಬಿಡುವ ಹಿರಿಯರು ಕಡೂರು, ಬೀರೂರು, ತರೀಕೆರೆ ಸುತ್ತ ಈಗಲೂ ಸಿಗುತ್ತಾರೆ. ಅದೇ ಹಿರಿಯರ ಹಿತ್ತಲಿಗೆ ಹೋಗಿ ನೋಡಿ: ಯಾರ ಹುಂಜವೋ, ಯಾರ ಹೇಂಟೆಯೋ! ದನಕ್ಕಿರುವ ಲೆಕ್ಕ ಕೋಳಿಗಿಲ್ಲ.

ಆ ಲೆಕ್ಕ ಇಡುವ ಹವ್ಯಾಸ ಈ ಲೇಖನದ ವಿಷಯ. ತೆಂಗಿನ ಮರಗಳ ನಡುವೆ ನಾಲ್ಕು ಗಜ ಜಾಗ, ಒಂದು ಡಜನ್ ಮೊಟ್ಟೆ, ಒಂದು ವರ್ಷದ ತಾಳ್ಮೆ ಇದ್ದರೆ ಶುರು ಮಾಡಬಹುದು. ಕೋಳಿ ಸಾಕಿ ಹಣ ಮಾಡುವ ದಾರಿ ಬೇರೆ. ಅದನ್ನು ಇಲ್ಲಿ ಹುಡುಕಬೇಡಿ.

ಹಂತ 1: ಮೊಟ್ಟೆಗಿಂತ ಮೊದಲು ಇಬ್ಬರು ಜೊತೆಗಾರರು

ಎಲ್ಲರೂ ಮೊಟ್ಟೆ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ನಾನು ಹೇಳುವುದು, ಮೊದಲು ಅದೇ ತಳಿ ಸಾಕಲು ಒಪ್ಪುವ ಇನ್ನಿಬ್ಬರನ್ನು ಹುಡುಕಿ. ನೀವು ಕಡೂರಿನಲ್ಲಿದ್ದರೆ ತರೀಕೆರೆಯಲ್ಲೊಬ್ಬರು, ಅಜ್ಜಂಪುರದಲ್ಲೊಬ್ಬರು. ಒಂದೇ ಹಿತ್ತಲಲ್ಲಿ ಕೋಳಿ ಉಳಿಸಬಹುದು, ತಳಿ ಉಳಿಯುವುದಿಲ್ಲ. ಯಾಕೆಂದು ಕೊನೆಯ ಹಂತದಲ್ಲಿ ಲೆಕ್ಕ ಸಮೇತ ಹೇಳುತ್ತೇನೆ. ಮೂರೂ ಊರಿಗೆ ಬೀರೂರು ಹತ್ತಿರ, ರೈಲೂ ಅಲ್ಲೇ ಕವಲಾಗುತ್ತದೆ. ಮೊಟ್ಟೆ, ಹುಂಜ, ಲಸಿಕೆ ಕೈಬದಲಾಗಲು ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಹಂತ 2: ತಳಿ ಆರಿಸಿ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ 1980ರ ದಶಕದ ಕೊನೆಗೆ ಹೊರಬಂದ ಗಿರಿರಾಜ, ಆಮೇಲೆ ಬಂದ ಸ್ವರ್ಣಧಾರ, ಹೆಸರಘಟ್ಟದ ಕಾವೇರಿ, ಹೈದರಾಬಾದಿನ ವನರಾಜ ಎಲ್ಲವೂ ಹಿತ್ತಲಿಗೆ ಒಳ್ಳೆಯ ಕೋಳಿಗಳೇ. ಆದರೆ ಅವು ಬೇರೆ ಬೇರೆ ಸಾಲುಗಳನ್ನು ಕೂಡಿಸಿ ಮಾಡಿದವು. ಅವುಗಳ ಮೊಟ್ಟೆ ಕಾವಿಗಿಟ್ಟರೆ ಮರಿಗಳು ತಾಯಿಯಂತೆ ಬರುವುದಿಲ್ಲ, ಒಂದೊಂದು ಒಂದೊಂದು ಥರ. ನಾಟಿ ಕೋಳಿಯೂ ಒಂದು ತಳಿಯಲ್ಲ. ಊರಿನ ಎಲ್ಲ ಬೆರಕೆಗೂ ನಾವು ಒಟ್ಟಾಗಿ ಇಟ್ಟುಕೊಂಡ ಹೆಸರು. ಮರಿ ಅಪ್ಪ ಅಮ್ಮನಂತೆಯೇ ಬಂದು, ಮೊಮ್ಮರಿಯೂ ಹಾಗೇ ಬಂದರೆ ಅದು ಅಪ್ಪಟ ತಳಿ.

ನಮ್ಮ ಕಡೆ ಕೈಗೆಟಕುವವು ಇವು.

ಅಸೀಲ್: ಎತ್ತರದ ಮೈ, ಗಟ್ಟಿ ಕಾಲು, ಸೆಟೆದ ನಿಲುವು. ಮೊಟ್ಟೆ ಕಡಿಮೆ, ವರ್ಷಕ್ಕೆ ನೂರನ್ನೂ ಮುಟ್ಟದು. ಆದರೆ ಹೇಂಟೆ ತಾನೇ ಕಾವಿಗೆ ಕೂರುತ್ತದೆ, ಮರಿಯನ್ನು ಹದ್ದಿನ ಬಾಯಿಂದಲೂ ಬಿಡಿಸಿಕೊಳ್ಳುವಷ್ಟು ಗಟ್ಟಿಗಿತ್ತಿ. ಹುಂಜಗಳನ್ನು ಬಲಿಯುವ ಮೊದಲೇ ಬೇರೆ ಬೇರೆ ಕೂಡಿಹಾಕಬೇಕು, ಇಲ್ಲದಿದ್ದರೆ ರಕ್ತ. ಮತ್ತೊಂದು ತಲೆನೋವು: ಅಸೀಲ್ ಇದೆ ಎಂದು ಗೊತ್ತಾದರೆ ಅಂಕದವರು ಹುಡುಕಿಕೊಂಡು ಬರುತ್ತಾರೆ. ಕೋಳಿ ಕಾಳಗ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಹುಂಜ ಕೊಡುವ ಮುನ್ನ ಯಾರಿಗೆ, ಯಾಕೆ ಎಂದು ಕೇಳಿ.

ಕಡಕ್‌ನಾಥ್: ಮಧ್ಯಪ್ರದೇಶದ ಝಾಬುವಾ ಕಡೆಯದು, ಆ ಭಾಗದ ಕಡಕ್‌ನಾಥ್ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಜುಟ್ಟು, ನಾಲಿಗೆ, ಚರ್ಮ, ಮಾಂಸ ಎಲ್ಲ ಕಪ್ಪು. ಮೊಟ್ಟೆ ಮಾತ್ರ ಕಪ್ಪಲ್ಲ, ತೆಳು ಕಂದು. ಕಪ್ಪು ಮೊಟ್ಟೆ ಎಂದು ಯಾರಾದರೂ ಮಾರಲು ಬಂದರೆ ಟೀ ಕುಡಿಸಿ ಕಳಿಸಿ. ಮೈ ಕಪ್ಪಗಿದ್ದ ಮಾತ್ರಕ್ಕೆ ಅಪ್ಪಟ ಎನ್ನುವಂತೆಯೂ ಇಲ್ಲ. ಕಪ್ಪು ಬಣ್ಣದ ಗುಣ ಪ್ರಬಲವಾದದ್ದು, ಬೆರಕೆ ಮರಿಯಲ್ಲೂ ಕಾಣಿಸಿಕೊಳ್ಳಬಹುದು. ಗುಟ್ಟು ರಟ್ಟಾಗುವುದು ಮುಂದಿನ ಪೀಳಿಗೆಯಲ್ಲಿ. ಇದರ ಹೇಂಟೆ ಕಾವಿಗೆ ಕೂರುವುದು ಅಪರೂಪ, ಹಾಗಾಗಿ ನಾಟಿ ಹೇಂಟೆಯನ್ನೋ ಯಂತ್ರವನ್ನೋ ನಂಬಬೇಕು.

ರೋಡ್ ಐಲ್ಯಾಂಡ್ ರೆಡ್: ಅಮೆರಿಕದ್ದು, ಕಡುಗೆಂಪು, ಸಾಧು, ಕಂದು ಮೊಟ್ಟೆ ಧಾರಾಳ. ಕಂದು ಮೊಟ್ಟೆ ಇಡುವ ಫಾರಂ ಹೈಬ್ರಿಡ್‌ಗಳನ್ನೂ ಇದೇ ಹೆಸರಲ್ಲಿ ಮಾರುವುದುಂಟು, ಎಚ್ಚರ. ಇನ್ನು ಕರ್ನಾಟಕದ ಹೆಸರೂ ಸೇರಿರುವ ದೇಶಿ ತಳಿ ಬೇಕೆಂದರೆ ಆಂಧ್ರದ ಗಡಿಗುಂಟ ಇರುವ ಘಾಗಸ್. ನಮ್ಮ ಮೂರೂ ತಾಲ್ಲೂಕಿಗೆ ಅದು ದೂರದ ನೆಂಟ.

ಹೊಸಬರು ಯಾವುದನ್ನು ಹಿಡಿಯಬೇಕು? ನನ್ನ ಮತ ಅಸೀಲ್‌ಗೆ, ಕರೆಂಟಿನ ಹಂಗಿಲ್ಲದೆ ತನ್ನ ಸಂತಾನ ತಾನೇ ಮುಂದುವರಿಸುವುದು ಸುಲಭವಾಗಿ ಕೈಗೆಟಕುವವುಗಳಲ್ಲಿ ಅದೊಂದೇ. ಮನೆಯಲ್ಲಿ ಸಣ್ಣ ಮಕ್ಕಳಿದ್ದು, ದಿನಾ ಮೊಟ್ಟೆಯೂ ಬೇಕೆಂದರೆ ಕೆಂಪು ಕೋಳಿ. ಎರಡು ತಳಿ ಒಟ್ಟಿಗೆ ಮಾತ್ರ ಬೇಡ.

ತರೀಕೆರೆಯ ಕಾಡಂಚಿನವರಿಗೆ ಒಂದು ಮಾತು. ಭದ್ರಾ ಕಾಡಲ್ಲಿ, ಕೆಮ್ಮಣ್ಣುಗುಂಡಿ ದಾರಿಯಲ್ಲಿ ಕೂಗುವ ಬೂದು ಕಾಡುಕೋಳಿಯ ಮೊಟ್ಟೆ ತಂದು ಕಾವಿಗಿಡುವ ಆಸೆ ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಅಡ್ಡ. ಆದರೂ ನಂಟು ಇದ್ದೇ ಇದೆ: ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿಯಾದರೂ, ಹಳದಿ ಕಾಲಿನ ಗುಣ ಬಂದದ್ದು ಈ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ತಳಿವಿಜ್ಞಾನಿಗಳು ತೋರಿಸಿದ್ದಾರೆ.

ಹಂತ 3: ಕಾವಿನ ಮೊಟ್ಟೆ

ಅಂಗಡಿಯ ಫಾರಂ ಮೊಟ್ಟೆಗೆ ಹುಂಜದ ಸಂಪರ್ಕವೇ ಇರುವುದಿಲ್ಲ, ಅದರಿಂದ ಮರಿ ಬಾರದು. ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆ, ಹೆಬ್ಬಾಳ ಮತ್ತು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜುಗಳಿಗೆ ಮೊದಲು ಫೋನ್ ಮಾಡಿ, ಯಾವ ತಳಿ ಯಾವಾಗ ಸಿಗುತ್ತದೆ ವಿಚಾರಿಸಿ. ಖಾಸಗಿಯವರಲ್ಲಿ ಕೊಳ್ಳುವುದಾದರೆ ಕಣ್ಣಾರೆ ತಾಯಿ ತಂದೆ ನೋಡಿ, ಎರಡು ಪ್ರಶ್ನೆ ಕೇಳಿ. ಒಂದು ಹುಂಜಕ್ಕೆ ಎಷ್ಟು ಹೇಂಟೆ? ಎಂಟು ಹತ್ತು ಸರಿ, ಭಾರಿ ತಳಿಗೆ ಆರೇಳು. ಬೇರೆ ಹುಂಜದ ಜೊತೆಯಿಂದ ಇವನ್ನು ಬೇರ್ಪಡಿಸಿ ಎಷ್ಟು ದಿನವಾಯಿತು? ಹೇಂಟೆಯ ಒಡಲಲ್ಲಿ ಹಳೆಯ ಹುಂಜದ ಬೀಜ ಎರಡು ವಾರವಾದರೂ ಉಳಿಯುತ್ತದೆ. ಮೂರು ವಾರ ಕಳೆದ ಮೇಲಿನ ಮೊಟ್ಟೆಯೇ ನಂಬಿಕೆಗೆ ಅರ್ಹ.

ಮೊಟ್ಟೆ ಏಳು ದಿನದೊಳಗಿನದಾಗಿರಲಿ. ತೀರಾ ಉದ್ದ, ತೀರಾ ಗುಂಡು, ಬಿರುಕು, ಒರಟು ಚಿಪ್ಪಿನವನ್ನು ಬಿಡಿ. ತೊಳೆಯಬೇಡಿ, ತೊಳೆದರೆ ಚಿಪ್ಪಿನ ಮೇಲಿನ ಕಾಪು ಪೊರೆ ಹೋಗಿ ಸೋಂಕು ಒಳಗಿಳಿಯುತ್ತದೆ. ಕೂಡಿಡುವಾಗ ಚೂಪು ತುದಿ ಕೆಳಗೆ, 15ರಿಂದ 18 ಡಿಗ್ರಿ ಇದ್ದರೆ ಚೆನ್ನ. ಕಡೂರಿನ ಏಪ್ರಿಲಿನಲ್ಲಿ ಅಷ್ಟು ತಂಪು ಎಲ್ಲಿಂದ ತರೋಣ? ಫ್ರಿಜ್ ಬೇಡ, ಅದು ಅತಿ ತಂಪು. ಹೊರಗೆ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯೊಳಗೆ, ಒಣ ರಾಗಿಯಲ್ಲಿ ಹೂತಿಡಿ. ಹಾಗಿದ್ದೂ ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕಿಂತ ಹೆಚ್ಚು ಕಾಯಬೇಡಿ. ಬಸ್ಸಿನಲ್ಲೋ ರೈಲಿನಲ್ಲೋ ಕುಲುಕಿ ಬಂದ ಮೊಟ್ಟೆ ಒಂದು ರಾತ್ರಿ ಅಲುಗಾಡದೆ ಸುಧಾರಿಸಿಕೊಳ್ಳಲಿ, ಆಮೇಲೆ ಕಾವು.

ಹಂತ 4: ಹೇಂಟೆಯ ಕಾವು

ಕಾವಿಗೆ ಬಂದ ಹೇಂಟೆ ಗೂಡು ಬಿಡದು, ಕೈ ಹತ್ತಿರ ಒಯ್ದರೆ ಪುಕ್ಕ ಕೆದರಿ ಗುರುಗುಟ್ಟುತ್ತದೆ. ಎರಡು ಮೂರು ರಾತ್ರಿ ಒಂದೆರಡು ಬೇಡದ ಮೊಟ್ಟೆ ಇಟ್ಟು ಪರೀಕ್ಷಿಸಿ. ಕೂತೇ ಇದ್ದರೆ ಹಗಲಲ್ಲ, ಕತ್ತಲಾದ ಮೇಲೆ ನಿಜವಾದ ಮೊಟ್ಟೆಗಳನ್ನು ಅಡಿಗೆ ಸರಿಸಿ. ಪುಟ್ಟಿಯ ತಳಕ್ಕೆ ಮರಳು, ಮೇಲೆ ಹುಲ್ಲು. ಕೂರಿಸುವ ಮುನ್ನ ಹೇನು, ಕೂರೆ ನೋಡಿ. ರೆಕ್ಕೆಯ ಸಂದಿಗೆ ಒಲೆಬೂದಿ ಉಜ್ಜುವುದು ಹಳೆಯ ಉಪಾಯ. ಕೂರೆ ಕಾಟ ತಾಳಲಾರದೆ ಹೇಂಟೆ ಹದಿನೈದನೇ ದಿನ ಎದ್ದುಹೋದರೆ ಎಲ್ಲ ಮುಗಿದಂತೆ.

ನಾಟಿ ಹೇಂಟೆಗೆ ಹತ್ತರಿಂದ ಹನ್ನೆರಡು ಮೊಟ್ಟೆ ಸಾಕು. ಬೆಸ ಸಂಖ್ಯೆಯಲ್ಲೇ ಇಡಬೇಕು, ಗುಡುಗಿಗೆ ಕೆಡದಂತೆ ಕಬ್ಬಿಣದ ಚೂರು ಇಡಬೇಕು ಎನ್ನುವವರಿದ್ದಾರೆ. ಇಟ್ಟರೆ ನಷ್ಟವಿಲ್ಲ, ಅಜ್ಜಿಗೂ ಸಮಾಧಾನ. ಅದಕ್ಕಿಂತ ಮುಖ್ಯ, ಪ್ರತಿ ಮೊಟ್ಟೆಗೂ ಪೆನ್ಸಿಲ್ ಗುರುತು. ಬೇರೆ ಹೇಂಟೆ ಅದೇ ಪುಟ್ಟಿಗೆ ಬಂದು ಇಟ್ಟುಹೋದ ಮೊಟ್ಟೆಯನ್ನು ಅದೇ ದಿನ ತೆಗೆಯದಿದ್ದರೆ ನಿಮ್ಮ ಅಪ್ಪಟ ಮರಿಗಳ ನಡುವೆ ಊರ ಹುಂಜದ ಮಗನೊಬ್ಬ ಹುಟ್ಟುತ್ತಾನೆ. ಕಾಳು, ನೀರು ಹತ್ತಿರವಿಡಿ. ದಿನಕ್ಕೊಮ್ಮೆ ಎದ್ದು ಕಾಲು ಗಂಟೆ ತಿರುಗಾಡಿ ಬರುತ್ತದೆ. ಉಳಿದದ್ದು ಅದರ ಕೆಲಸ, ನೀವು ಇಣುಕಬೇಡಿ.

ಹಂತ 5: ಪೆಟ್ಟಿಗೆಯ ಕಾವು

ಥರ್ಮೋಕೋಲ್ ಪೆಟ್ಟಿಗೆ, ಬಲ್ಬು, ಥರ್ಮೋಸ್ಟಾಟ್, ಹಳೆಯ ಕಂಪ್ಯೂಟರಿನ ಸಣ್ಣ ಫ್ಯಾನು, ಇಷ್ಟಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ಫ್ಯಾನಿದ್ದರೆ 37.5 ಡಿಗ್ರಿ ಸೆಲ್ಸಿಯಸ್. ಇಲ್ಲದಿದ್ದರೆ ಮೊಟ್ಟೆಯ ಮೇಲ್ಮೈ ಮಟ್ಟದಲ್ಲಿ 38.5ರ ಹತ್ತಿರ. ಥರ್ಮಾಮೀಟರನ್ನು ಜ್ವರ ನೋಡುವ ಥರ್ಮಾಮೀಟರಿನ ಜೊತೆ ಹೋಲಿಸಿ ನೋಡಿ. ತೇವಾಂಶದ ಮಾಪಕವನ್ನೂ ಪರೀಕ್ಷಿಸಬಹುದು: ಒಂದು ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗದಷ್ಟು ನೀರು ತಾಗಿಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಶೇ. 75 ತೋರಿಸಬೇಕು. ಎಷ್ಟು ವ್ಯತ್ಯಾಸವೋ ಅಷ್ಟನ್ನು ನೆನಪಿಡಿ.

ಮೊದಲ ಹದಿನೆಂಟು ದಿನ ತೇವ ಶೇ. 50ರ ಆಸುಪಾಸು, ಕೊನೆಯ ಮೂರು ದಿನ 65ರಿಂದ 70. ಇಲ್ಲಿ ನಮ್ಮ ಮೂರು ಊರುಗಳ ಹವೆ ಬೇರೆ ಬೇರೆ ಆಟ ಆಡುತ್ತದೆ. ತರೀಕೆರೆಯ ಜುಲೈನ ಗಾಳಿ 24 ಡಿಗ್ರಿ, ತೇವ ಶೇ. 90 ಇದೆ ಎನ್ನೋಣ. ಅದೇ ಗಾಳಿ ಪೆಟ್ಟಿಗೆಯಲ್ಲಿ 37.5ಕ್ಕೆ ಬಿಸಿಯಾದಾಗ ತೇವ 40ಕ್ಕೆ ಇಳಿಯುತ್ತದೆ. ಒಂದು ಸಣ್ಣ ಬಟ್ಟಲು ನೀರು ಸಾಕು. ಕಡೂರಿನ ಮಾರ್ಚಿನ ಮಧ್ಯಾಹ್ನ 33 ಡಿಗ್ರಿ, ಶೇ. 25ರ ಒಣಗಾಳಿಯಾದರೆ ಪೆಟ್ಟಿಗೆಯೊಳಗೆ ಅದು 20ಕ್ಕೆ ಬೀಳುತ್ತದೆ. ಆಗ ಅಗಲವಾದ ತಟ್ಟೆ, ಅದರಲ್ಲಿ ಸ್ಪಂಜು ಬೇಕು. ನೀರಿನ ಆಳ ಹೆಚ್ಚಿಸಿ ಪ್ರಯೋಜನವಿಲ್ಲ, ಆವಿಯಾಗುವುದು ಮೇಲ್ಮೈಯಿಂದ. ತರೀಕೆರೆಯ ಗೆಳೆಯರ ಅಳತೆಯನ್ನು ಕಡೂರಿನವರು ಹಾಗೇ ನಕಲು ಮಾಡಬಾರದು ಎನ್ನುವುದು ಇದಕ್ಕೇ.

ಕರೆಂಟು ಹೋದರೆ ಗಾಬರಿ ಬೇಡ. ಪೆಟ್ಟಿಗೆ ತೆರೆಯದೆ ಕಂಬಳಿ ಹೊದಿಸಿ. ಹೆಚ್ಚು ಹೊತ್ತಾದರೆ ಬಿಸಿನೀರಿನ ಬಾಟಲಿ ಒಳಗಿಡಿ. ಭ್ರೂಣ ಕೆಲವು ಗಂಟೆಯ ತಂಪನ್ನು ತಡೆಯುತ್ತದೆ, ತಡೆಯದ್ದು ಅತಿ ಬಿಸಿಯನ್ನು. ಥರ್ಮೋಸ್ಟಾಟ್ ಅಂಟಿಕೊಂಡು 40 ದಾಟಿದರೆ ಕೆಲವೇ ಗಂಟೆಗಳಲ್ಲಿ ಎಲ್ಲ ಸತ್ತಿರುತ್ತವೆ. ಬಿಸಿಲು ಬೀಳುವ ಕಿಟಕಿಯ ಪಕ್ಕ ಪೆಟ್ಟಿಗೆ ಇಡಬೇಡಿ.

ಹಂತ 6: ಇಪ್ಪತ್ತೊಂದು ದಿನ

ಭಾನುವಾರ ಸಂಜೆ ಇಟ್ಟರೆ ಮೂರು ವಾರದ ಮೇಲಿನ ಭಾನುವಾರ ಮರಿ. ಮನೆಯಲ್ಲಿ ಎಲ್ಲರೂ ಇರುತ್ತಾರೆ. ಪೆಟ್ಟಿಗೆಯ ಮೊಟ್ಟೆಯ ಒಂದು ಬದಿಗೆ ಗುಣಾಕಾರದ ಗುರುತು, ಇನ್ನೊಂದು ಬದಿಗೆ ಸೊನ್ನೆ ಬರೆದು ದಿನಕ್ಕೆ ಮೂರೋ ಐದೋ ಸಲ ಮಗುಚಿ. ಬೆಸ ಸಂಖ್ಯೆಗೆ ಇಲ್ಲಿ ಕಾರಣವಿದೆ: ರಾತ್ರಿಯ ದೀರ್ಘ ಹೊತ್ತು ಪ್ರತಿದಿನ ಒಂದೇ ಮಗ್ಗುಲಲ್ಲಿ ಕಳೆಯದಂತೆ.

ಏಳನೇ ರಾತ್ರಿ ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚಿಗೆ ಮೊಟ್ಟೆಯ ದಪ್ಪ ತುದಿ ಹಿಡಿಯಿರಿ. ಕೆಂಪು ನರಗಳು ಜೇಡರ ಬಲೆಯಂತೆ ಹರಡಿದ್ದರೆ ಜೀವವಿದೆ. ತಿಳಿಯಾಗಿದ್ದರೆ ಗೊಡ್ಡು. ಬರೀ ರಕ್ತದ ಉಂಗುರ ಕಂಡರೆ ಬೆಳೆದು ಸತ್ತದ್ದು. ಎರಡನ್ನೂ ತೆಗೆಯಿರಿ, ಕೊಳೆತ ಮೊಟ್ಟೆ ಒಳಗೇ ಸಿಡಿದರೆ ಉಳಿದವಕ್ಕೂ ಕೇಡು. ಹದಿನಾಲ್ಕನೇ ರಾತ್ರಿ ಮತ್ತೊಮ್ಮೆ ನೋಡಿ. ದಪ್ಪ ತುದಿಯ ಗಾಳಿಗೂಡು ದೊಡ್ಡದಾಗುತ್ತಾ ಹೋಗಬೇಕು, ಅದರ ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆದಿಡಿ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ಇನ್ನೂ ಒಳ್ಳೆಯದು: ಹದಿನೆಂಟನೇ ದಿನಕ್ಕೆ ಮೊಟ್ಟೆಯ ತೂಕ ಶೇ. 11ರಿಂದ 13ರಷ್ಟು ಇಳಿದಿರಬೇಕು. ಕಡಿಮೆ ಇಳಿದಿದ್ದರೆ ತೇವ ಹೆಚ್ಚಾಗಿದೆ, ಮರಿ ಒಳಗೇ ಮುಳುಗಬಹುದು. ಹೆಚ್ಚು ಇಳಿದಿದ್ದರೆ ಪೊರೆ ಒಣಗಿ ಮರಿಗೆ ಅಂಟುತ್ತದೆ.

ಹದಿನೆಂಟನೇ ದಿನ ಮಗುಚುವುದು ನಿಲ್ಲಿಸಿ, ತೇವ ಏರಿಸಿ, ಮುಚ್ಚಳ ಹಾಕಿಬಿಡಿ. ಇನ್ನು ತೆರೆಯುವಂತಿಲ್ಲ. ಚಿಪ್ಪಿಗೆ ಮೊದಲ ತೂತು ಬಿದ್ದ ಮೇಲೆ ಮರಿ ಹೊರಬರಲು ಹನ್ನೆರಡು ಗಂಟೆಯಿಂದ ಒಂದು ದಿನ ಹಿಡಿಯುತ್ತದೆ. ಒಳಗಿಂದ ಚಿಂವ್ ಚಿಂವ್ ಕೇಳುತ್ತಿರುವಾಗ ಸುಮ್ಮನಿರುವುದು ಈ ಹವ್ಯಾಸದ ಅತಿ ಕಷ್ಟದ ಕೆಲಸ. ಚಿಪ್ಪು ಸುಲಿದು ಸಹಾಯ ಮಾಡಲು ಹೋದರೆ ಇನ್ನೂ ಹೀರಿಕೊಳ್ಳದ ರಕ್ತನಾಳ ಹರಿದು ಮರಿ ಸಾಯುತ್ತದೆ.

ಹಂತ 7: ಮೊದಲ ಆರು ವಾರ

ಹುಟ್ಟಿದ ಮರಿಗೆ ಹೊಟ್ಟೆಯೊಳಗಿನ ಹಳದಿಯೇ ಎರಡು ದಿನದ ಬುತ್ತಿ. ಮೈ ಒಣಗಿ ಉಬ್ಬಿದ ಮೇಲೆ ತೆಗೆದು, ಮೊದಲು ಸ್ವಲ್ಪ ಬೆಲ್ಲ ಕರಗಿಸಿದ ನೀರು, ಆಮೇಲೆ ಆಹಾರ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ, ಇಲ್ಲದಿದ್ದರೆ ಮುಳುಗುತ್ತವೆ. ಆಹಾರಕ್ಕೆ ಅಡಿಕೆ ಹಾಳೆಯ ತುಂಡು ಸಾಕು, ಕೊಳೆಯಾದರೆ ಬಿಸಾಕಿ ಇನ್ನೊಂದು. ನುಣುಪಾದ ಪೇಪರಿನ ಮೇಲೆ ಮರಿಯ ಕಾಲು ಜಾರಿ ಸೊಟ್ಟಗಾಗುತ್ತದೆ, ಅದಕ್ಕೇ ಗೋಣಿತಾಟು ಹಾಸಿ. ಒಂದು ವಾರದ ಮೇಲೆ ಭತ್ತದ ಹೊಟ್ಟು.

ತಾಯಿ ಇಲ್ಲದ ಮರಿಗೆ ಬಲ್ಬಿನ ಶಾಖ: ಮರಿಗೆ 2 ವಾಟ್ ಲೆಕ್ಕ. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಮಾಪಕಕ್ಕಿಂತ ಮರಿಗಳನ್ನೇ ನೋಡಿ. ಬಲ್ಬಿನಡಿ ಒಂದರ ಮೇಲೊಂದು ಬಿದ್ದರೆ ಚಳಿ, ಮೂಲೆಗೆ ಓಡಿ ಬಾಯಿ ತೆರೆದರೆ ಸೆಕೆ.

ಬರೀ ರಾಗಿ, ಅಕ್ಕಿನುಚ್ಚು ಹಾಕಿ ಬೆಳೆಸಬಹುದೆಂದು ಹೇಳುವವರ ಮಾತು ಅರ್ಧ ನಿಜ. ತಾಯಿಯ ಹಿಂದೆ ಕೆದಕಿ ಹುಳು ತಿನ್ನುವ ಮರಿಗೆ ಅದು ಸಾಕು. ಗೂಡಿನ ಮರಿಗೆ ಶೇ. 20ರಷ್ಟು ಪ್ರೋಟೀನಿರುವ ಸ್ಟಾರ್ಟರ್ ಬೇಕೇ ಬೇಕು. ಸಗಣಿ, ಒದ್ದೆ ಗೋಣಿ ತುಂಬಿದ ಮಡಕೆಯನ್ನು ಗೆದ್ದಲಿರುವ ಕಡೆ ಬೋರಲು ಹಾಕಿದರೆ ಬೆಳಗಾಗುವಷ್ಟರಲ್ಲಿ ಮರಿಗಳಿಗೆ ಹಬ್ಬ. ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ, ಜೋಳ ಮಾತ್ರ ಮಳೆಗಾಲದಲ್ಲಿ ಹತ್ತಿರ ತರಬೇಡಿ, ಅದರ ವಿಷ ಮರಿಯ ಯಕೃತ್ತಿಗೆ ಹೊಡೆಯುತ್ತದೆ.

ಹಂತ 8: ಲಸಿಕೆ

ಕೊಕ್ಕರೆ ರೋಗ ಒಮ್ಮೆ ಬೀದಿಗೆ ಬಂತೆಂದರೆ ಒಂದು ಮನೆಯಲ್ಲೂ ಕೋಳಿ ಕೂಗುವುದಿಲ್ಲ. 5ರಿಂದ 7ನೇ ದಿನದೊಳಗೆ ಅದರ ಲಸಿಕೆ ಲಸೋಟಾ ಒಂದು ಹನಿ ಕಣ್ಣಿಗೆ, 14ನೇ ದಿನ ಗುಂಬೋರೋ ರೋಗದ್ದು, 28ನೇ ದಿನದ ಹೊತ್ತಿಗೆ ಮತ್ತೆ ಲಸೋಟಾ, ಆರೇಳನೇ ವಾರ ಕೋಳಿ ಸಿಡುಬಿನದು, ಎಂಟರಿಂದ ಹತ್ತನೇ ವಾರದೊಳಗೆ ಮತ್ತೆ ಕೊಕ್ಕರೆ ರೋಗಕ್ಕೆ ಆರ್‌2ಬಿ ಚುಚ್ಚುಮದ್ದು. ನಿಮ್ಮ ತಾಲ್ಲೂಕು ಪಶು ಆಸ್ಪತ್ರೆಯ ವೈದ್ಯರು ದಿನ ಹಿಂದೆ ಮುಂದೆ ಮಾಡಿದರೆ ಅವರ ಮಾತೇ ಸರಿ. ಬಾಟಲಿಯಲ್ಲಿ ನೂರಾರು ಡೋಸು, ನಿಮ್ಮಲ್ಲಿರುವುದು ಹತ್ತು ಮರಿ. ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಉಳಿದದ್ದನ್ನು ಬೀದಿಯ ಎಲ್ಲ ಕೋಳಿಗೂ ಹಾಕಿಸಿ, ಅದು ನಿಮ್ಮ ಗೂಡಿಗೇ ಬೇಲಿ. ತರುವಾಗ ಐಸ್ ತುಂಬಿದ ಫ್ಲಾಸ್ಕ್ ಕಡ್ಡಾಯ.

ಹಂತ 9: ಗೂಡು

ದೊಡ್ಡ ಕೋಳಿಗೆ ಒಳಗೆ ಎರಡು ಚದರ ಅಡಿಯಾದರೂ ಬೇಕು, ಹೊರಗೆ ಎಷ್ಟಿದ್ದರೂ ಒಳ್ಳೆಯದು. ಉದ್ದ ಪೂರ್ವ ಪಶ್ಚಿಮಕ್ಕಿರಲಿ. ತರೀಕೆರೆ ಮಳೆಗೆ ನೆಲದಿಂದ ಎರಡಡಿ ಎತ್ತರ, ಕಡೂರು ಬಿಸಿಲಿಗೆ ತಗಡಿನ ಮೇಲೆ ತೆಂಗಿನ ಗರಿ. ಅರ್ಧ ಇಂಚಿನ ಬೆಸುಗೆ ಜಾಲರಿ ಹಾಕಿ. ದೊಡ್ಡ ಕಣ್ಣಿನ ಚೈನ್‌ಲಿಂಕ್ ಮುಂಗುಸಿಗೆ ತೆರೆದ ಬಾಗಿಲು. ರಾತ್ರಿ ಬೀಗ ಹಾಕಿ.

ಹಂತ 10: ಪುಸ್ತಕ, ಉಂಗುರ, ಹುಂಜದ ಸುತ್ತು

ಮರಿಯಾದ ದಿನವೇ ನೋಟ್ ಪುಸ್ತಕ ತೆರೆಯಿರಿ: ಅಪ್ಪ, ಅಮ್ಮ, ದಿನಾಂಕ. ಕಾಲಿಗೆ ಬಣ್ಣದ ಪ್ಲಾಸ್ಟಿಕ್ ಉಂಗುರ, ಬೆಳೆದಂತೆ ಬದಲಿಸುತ್ತಿರಿ. ಐದು ತಿಂಗಳಿಗೆ ಆಯ್ಕೆ. ತಳಿಯ ಲಕ್ಷಣಕ್ಕಿಂತ ಮೊದಲು ಆರೋಗ್ಯ ನೋಡಿ: ಸೊಟ್ಟ ಕೊಕ್ಕು, ಸೊಟ್ಟ ಬೆರಳು, ಪದೇ ಪದೇ ನೆಗಡಿ ಇರುವುದು ಎಷ್ಟೇ ಚೆಂದವಿದ್ದರೂ ಸಂತಾನಕ್ಕೆ ಬೇಡ.

ಈಗ ಮೊದಲ ಹಂತದ ಸಾಲ ತೀರಿಸುತ್ತೇನೆ. ಒಂದು ಹುಂಜ, ಎಂಟು ಹೇಂಟೆ ಇಟ್ಟುಕೊಂಡು ಅವುಗಳ ಮಕ್ಕಳನ್ನೇ ಮತ್ತೆ ಮತ್ತೆ ಕೂಡಿಸಿದರೆ ಪ್ರತಿ ಪೀಳಿಗೆಗೆ ಒಳಸಂಬಂಧ ಸುಮಾರು ಶೇ. 14ರಂತೆ ಏರುತ್ತದೆ. ನಾಲ್ಕೈದು ಪೀಳಿಗೆಯಲ್ಲಿ ಮೊಟ್ಟೆ ಕಡಿಮೆ, ಗೊಡ್ಡು ಹೆಚ್ಚು, ಮರಿ ಪೇಲವ. ಮೂರು ಮನೆಯಲ್ಲಿ ಒಂದೊಂದು ಹುಂಜ, ಎಂಟೆಂಟು ಹೇಂಟೆ ಇದ್ದು ಅವೆಲ್ಲ ಒಂದೇ ಬಳಗವಾದರೆ ಆ ಏರಿಕೆ ಶೇ. 5ಕ್ಕಿಂತ ಕೆಳಗೆ.

ವಿಧಾನ ಸುಲಭ. ಕಡೂರಿನ ಗೂಡಿಗೆ ಕೆಂಪು ಉಂಗುರ, ತರೀಕೆರೆಗೆ ನೀಲಿ, ಅಜ್ಜಂಪುರಕ್ಕೆ ಹಳದಿ. ಹೆಣ್ಣುಮರಿಗಳು ಹುಟ್ಟಿದ ಮನೆಯಲ್ಲೇ ಉಳಿಯುತ್ತವೆ, ತಾಯಿಯ ಬಣ್ಣವೇ ಅವಕ್ಕೆ. ಹುಂಜ ಮಾತ್ರ ಪ್ರತಿವರ್ಷ ಊರು ಬಿಡಬೇಕು: ಕಡೂರಿನದು ತರೀಕೆರೆಗೆ, ತರೀಕೆರೆಯದು ಅಜ್ಜಂಪುರಕ್ಕೆ, ಅಜ್ಜಂಪುರದ್ದು ಕಡೂರಿಗೆ. ಈ ದಿಕ್ಕು ಎಂದೂ ತಿರುಗಬಾರದು. ಬಂದ ಹುಂಜವನ್ನು ಮೂರು ವಾರ ದೂರದಲ್ಲಿ ಕಟ್ಟಿ, ಆರೋಗ್ಯ ನೋಡಿಯೇ ಗೂಡಿಗೆ ಬಿಡಿ. ಹೊಸದು ಸೇರಿ ಮೂರು ವಾರ ಕಳೆದ ಮೇಲೆ ಮೊಟ್ಟೆ ಕೂಡಿಡಿ. ಬಹಳ ವರ್ಷಗಳ ಮೇಲೆ ಎಲ್ಲರಿಗೂ ಹೊರರಕ್ತ ಬೇಕೆನಿಸಿದರೆ ಅದೇ ತಳಿಯ ಹುಂಜವನ್ನು ಒಂದೇ ಮನೆಗೆ ತನ್ನಿ, ಅದರ ಮಕ್ಕಳನ್ನು ಒಂದು ವರ್ಷ ನೋಡಿ, ಆಮೇಲೆ ಸುತ್ತಿಗೆ ಬಿಡಿ.

ಮರಿಗಳಲ್ಲಿ ಅರ್ಧ ಗಂಡು. ಇಷ್ಟೊಂದು ಹುಂಜ ಏನು ಮಾಡುವುದು ಎನ್ನುವುದಕ್ಕೆ ಪಂಚಾಂಗದಲ್ಲೇ ಉತ್ತರವಿದೆ. ಆಯುಧಪೂಜೆ ಕಳೆದ ವಾರ ಕಾವಿಗಿಟ್ಟರೆ ಮಳೆ ಹಿಂದಾಗಿರುತ್ತದೆ, ಬಿಸಿಲು ಇನ್ನೂ ಬಲಿತಿರುವುದಿಲ್ಲ, ಮರಿಗೆ ಅದೇ ಒಳ್ಳೆಯ ಕಾಲ. ಆ ಗಂಡುಮರಿಗಳಿಗೆ ಯುಗಾದಿಯ ಹೊತ್ತಿಗೆ ಸುಮಾರು ಐದು ತಿಂಗಳು. ಮಾರನೆಯ ದಿನ ವರ್ಷದ ತೊಡಕು, ತಿನ್ನದ ಮನೆಯವರಿಗೂ ಕೊಳ್ಳುವವರು ಬಾಗಿಲಿಗೇ ಬರುತ್ತಾರೆ. ಪಕ್ಕದೂರಿಗೆ ಹೋಗಬೇಕಾದ ಹುಂಜವನ್ನು ಮಾತ್ರ ಹಬ್ಬಕ್ಕೆ ಮೊದಲೇ ಆರಿಸಿ, ಉಂಗುರ ತೊಡಿಸಿ, ಮನೆಗೆ ಬರುವ ನೆಂಟರಿಗೆ ಅದನ್ನು ತೋರಿಸಿ ಹೇಳಿಬಿಡಿ.